ಲೋಟಕ್ಕೆ ಎರಡು ಪೆಟ್ಟು

ಮಾತು ಬಾರದ ಮಗುವೊಂದು ಮನೆಯಲ್ಲಿದ್ದರೆ ಆ ಮನೆಯಲ್ಲಿ ಮಾತಿಗೆ ಬರವಿರುವುದಿಲ್ಲ. ನನ್ನ ತಂಗಿ ಧೃತಿಗೆ ಮೂರು ತುಂಬಿ ಮೂರೂವರೆಯಾಗುತ್ತಿದ್ದ ಕಾಲದಲ್ಲಿ, ಪುಂಜಾಲಕಟ್ಟೆಯ ನಮ್ಮ ಮನೆಯ ಚಾವಡಿಯಲ್ಲಿ ಬಂದು ಕೂತವರೆಲ್ಲ ತಜ್ಞರೇ. ಬಜೆಯ ಬೇರನ್ನು ಜೇನಿನಲ್ಲಿ ತೇದು ನಾಲಿಗೆಗೆ ಹಚ್ಚಿ ಎಂದವರು ಒಬ್ಬರು. ದೇವಸ್ಥಾನದ ಗಂಟೆಯನ್ನು ಮಗುಚಿ ಅದರಲ್ಲಿ ನೀರು ಕುಡಿಸಿ ಎಂದವರು ಇನ್ನೊಬ್ಬರು. ನಾಲಿಗೆಯ ಅಡಿಯ ದಾರ ಗಿಡ್ಡವಿರಬೇಕು, ಕತ್ತರಿಸಿದರೆ ಆಯಿತು ಎಂದು ಕೈಯಲ್ಲೇ ಕತ್ತರಿ ಆಡಿಸಿ ತೋರಿಸಿದವರೂ ಇದ್ದರು. ಬಜೆ ಹಚ್ಚಿದೆವು, ಗಂಟೆಯ ನೀರು ಕುಡಿಸಿದೆವು. ಬಜೆ ಖಾರ, ಧೃತಿ ಅತ್ತಳು. ಅಳುವುದರಲ್ಲಿ ಅವಳಿಗೆ ಯಾವ ದೋಷವೂ ಇರಲಿಲ್ಲ. ಕಿವಿಯ ಡಾಕ್ಟರು ಪರೀಕ್ಷೆ ಮಾಡಿಸಿ, ಕಿವಿ ಸರಿ ಉಂಟು, ಕಾದು ನೋಡುವ ಎಂದರು. ಬೇಕಾದ್ದರ ಹತ್ತಿರ ನಮ್ಮ ಕೈ ಹಿಡಿದು ಎಳೆದುಕೊಂಡು ಹೋಗುವುದು, ಅದು ಸಿಗದಿದ್ದರೆ ನೆಲಕ್ಕೆ ಹಣೆ ಬಡಿಯುವುದು, ಸಿಕ್ಕಿದರೆ ಮೂಗಿನಲ್ಲೇ ಒಂದು ಗುಂಯ್‌ಗುಡುವ ಸದ್ದು, ಇಷ್ಟು ಅವಳ ಭಾಷೆ. ನಾನು ದೇವರನ್ನು ನಂಬುವವಳಲ್ಲ. ಆದರೂ ನ್ಯಾಯವಾಗಿ ಹೇಳಬೇಕೆಂದರೆ, ಗಂಟೆಯ ನೀರು ನನ್ನ ತಂಗಿಗೆ ಏನೂ ಮಾಡಲಿಲ್ಲ. ಕೇಡು ಮಾಡಿದ್ದು, ಕೇಳಿದ ಯಾರಿಗಾದರೂ ಹೌದಲ್ಲ ಅನ್ನಿಸುವಂಥ, ಕಾರ್ಯ ಕಾರಣಗಳ ಸಮೇತ ಬಂದ ಒಂದು ಸಲಹೆ.

ಅದನ್ನು ತಂದವರು ಮಾವ. ಅಜ್ಜಿಯ ಒಬ್ಬನೇ ಮಗ, ಅಮ್ಮನ ಅಣ್ಣ, ಮೂಡುಬಿದಿರೆಯಲ್ಲಿ ಕನ್ನಡ ಮೇಷ್ಟ್ರು. ನಮ್ಮಲ್ಲಿ ಮನೆ ಹೆಂಗಸರದ್ದು, ಮಾತು ಮಾವನದ್ದು. ಅಪ್ಪ ಗಲ್ಫಿನಲ್ಲಿ ಒಂದು ಫೋನಿನೊಳಗೆ ಇದ್ದರು. ಶುಕ್ರವಾರ ಅವರ ಮುಖ ಬಂದು "ಪಪ್ಪ ಹೇಳು ಮಗಾ, ಪಪ್ಪ" ಎನ್ನುತ್ತಿತ್ತು, ಧೃತಿ ಆ ಮುಖವನ್ನು ಬೋರಲು ಮಲಗಿಸಿ ಹೋಗುತ್ತಿದ್ದಳು. ಅಮ್ಮ ಬಿ.ಸಿ.ರೋಡಿನ ಬಟ್ಟೆ ಅಂಗಡಿಯಲ್ಲಿ ಬೆಳಗ್ಗೆಯಿಂದ ಕತ್ತಲಾಗುವವರೆಗೆ ಸೀರೆ ಬಿಡಿಸಿ ಮಡಚುತ್ತಿದ್ದಳು. ಶನಿವಾರ ಅವಳಿಗೆ ರಜೆ. ಅವತ್ತು ಮಧ್ಯಾಹ್ನದ ಬಸ್ಸಿಗೆ ಮಾವ ಬರುತ್ತಿದ್ದರು. ಊಟವಾದ ಮೇಲೆ ಚಾವಡಿಯಲ್ಲಿ ಅವರ ಎದುರು ಒಂದು ಸ್ಟೀಲ್ ಲೋಟ, ಒಂದು ಚಮಚ. ವಿಷಯ ಅವರು ಕೊಡುವುದು, ಮೂರು ನಿಮಿಷ ನಾನು ಮಾತಾಡುವುದು. ಎರಡೂವರೆಗೆ ಲೋಟಕ್ಕೆ ಒಂದು ಪೆಟ್ಟು: ಎಚ್ಚರಿಕೆ. ಮೂರಕ್ಕೆ ಎರಡು ಪೆಟ್ಟು: ಶಬ್ದ ಅರ್ಧ ಬಾಯಿಯಲ್ಲಿದ್ದರೂ ನುಂಗಬೇಕು. ಆಮೇಲೆ ಆಡಿದ್ದು ಮಾತಲ್ಲ, ಕೇಳುವವರು ಅದನ್ನು ಕೇಳಿಸಿಕೊಳ್ಳಬಾರದು. ನನಗೆ ಹನ್ನೊಂದು ವರ್ಷ, ಬಂಟ್ವಾಳದ ತಾಲೂಕು ಸ್ಪರ್ಧೆಯಲ್ಲಿ ಅಷ್ಟರಲ್ಲೇ ಎರಡು ಸಲ ಗೆದ್ದಿದ್ದೆ.

"ನೀನು ಏನನ್ನು ನಂಬುತ್ತೀ ಎಂಬುದು ಯಾರಿಗೂ ಬೇಡ," ಎನ್ನುತ್ತಿದ್ದರು ಮಾವ. "ನಿನಗೆ ಯಾವ ಪಕ್ಷ ಸಿಕ್ಕಿದೆ, ಅದನ್ನು ನೋಡು. ಎದುರಿನವರ ಸೋಲನ್ನು ಅವರ ಬಾಯಿಂದಲೇ ತೆಗೆಯಬೇಕು."

ಇದನ್ನು ಕೇಳುವವರಲ್ಲಿ ಅಜ್ಜಿಯೂ ಇದ್ದಳು. ಕಿಟಕಿಯ ಬೆಳಕಿಗೆ ಕಾಲು ಚಾಚಿ, ತೊಡೆಯ ಮೇಲೆ ಮೊರದಂಥ ಗೆರಸೆ ಇಟ್ಟು ಬೀಡಿ ಕಟ್ಟುತ್ತ. ಮಗಳು ದುಡಿಯುತ್ತಾಳೆ, ಅಳಿಯ ಗಲ್ಫಿನಲ್ಲಿದ್ದಾನೆ, ಇನ್ನು ಯಾಕೆ ಬೀಡಿ ಎಂದರೆ "ಬೆರಳು ಕೇಳ್ತದೆ" ಎನ್ನುವಳು. ಎಲೆ ಕತ್ತರಿಸುವುದು, ಹೊಗೆಸೊಪ್ಪಿನ ಪುಡಿ ಹರಡುವುದು, ಸುರುಳಿ ಸುತ್ತುವುದು, ನೂಲು ಬಿಗಿಯುವುದು. ಮೂರೂ ಹೊತ್ತು ಅವಳ ಪಕ್ಕದಲ್ಲಿ ಧೃತಿ. ಅಜ್ಜಿ ಮಾಡಿದ್ದಕ್ಕೆಲ್ಲ ತುಳುವಿನಲ್ಲಿ ಹೆಸರು ಹೇಳುತ್ತಿದ್ದಳು. ಎಲೆ ತೋರಿಸಿ ಎಲೆಯ ಹೆಸರು, ನೂಲು ತೋರಿಸಿ ನೂಲಿನ ಹೆಸರು, ಅಂಗಳದ ಕೋಳಿಗೊಂದು ಬೈಗುಳ, ಮತ್ತೆ ಧೃತಿಯ ಮುಖ ನೋಡಿ ಸುಮ್ಮನೆ ಕಾಯುವುದು. ಉತ್ತರ ಬಂದಂತೆಯೇ ತಲೆಯಾಡಿಸಿ ಮುಂದಿನ ಎಲೆ ಎತ್ತಿಕೊಳ್ಳುವುದು. ಅಜ್ಜಿಗೆ ತುಳು ಬಿಟ್ಟರೆ ಬೇರೆ ಭಾಷೆ ಆಡಲು ಬರುತ್ತಿರಲಿಲ್ಲ, ಕೇಳಿದರೆ ಬಹುಪಾಲು ತಿಳಿಯುತ್ತಿತ್ತು. ಕನ್ನಡ ಎಂದರೆ ಅವಳಿಗೆ ಆಫೀಸಿನ ಬಾಗಿಲು. ಬೇರೆ ಯಾರಾದರೂ ತಟ್ಟಬೇಕಿತ್ತು. ಈ ಅಧ್ಯಾಯದಲ್ಲಿ ನಾನು ಕನ್ನಡದಲ್ಲಿ ಬರೆದ ಅವಳ ಮಾತುಗಳೆಲ್ಲ ತುಳುವಿನವು. ಅನುವಾದ ನನ್ನದು. ಅವಳ ಪರವಾಗಿ ಮಾತಾಡುವ ಹಕ್ಕು ನನಗೆ ಇದೆಯೇ ಎಂಬುದನ್ನು ಓದಿ ಮುಗಿಸಿದ ಮೇಲೆ ತೀರ್ಮಾನಿಸಿ.

ಜೂನ್‌ನಲ್ಲಿ ಧೃತಿಯನ್ನು ಇಂಗ್ಲಿಷ್ ಮಾಧ್ಯಮದ ಎಲ್‌ಕೆಜಿಗೆ ಸೇರಿಸಬೇಕು ಎಂಬುದು ಅಪ್ಪನ ಆಸೆ. ಏಪ್ರಿಲ್‌ನಲ್ಲಿ ಸಂದರ್ಶನ, ಮಗು ತನ್ನ ಹೆಸರನ್ನಾದರೂ ಹೇಳಬೇಕು. ಅದಕ್ಕೆ ಹಿಂದಿನ ವರ್ಷದ ಸೆಪ್ಟೆಂಬರಿನ ಒಂದು ಶನಿವಾರ ಮಾವ ಲೋಟವನ್ನು ಎದುರಿಗೆ ಎಳೆದುಕೊಂಡು ಕಾಯಿಲೆ ಸಿಕ್ಕಿತು ಎಂದು ಅಮ್ಮನಿಗೆ ಹೇಳಿದರು.

"ಒಂದು ಬಕೆಟಿಗೆ ಐದು ನಲ್ಲಿ ಬಿಟ್ಟರೆ ಎಂತಾಗ್ತದೆ? ನಮ್ಮಮ್ಮ ತುಳು, ನೀನು ಅರ್ಧ ಕನ್ನಡ, ಟಿ.ವಿ. ಹಿಂದಿ, ಮೊಬೈಲು ಇಂಗ್ಲಿಷು, ಆಚೆಮನೆ ಜುಬೈದಾ ಬ್ಯಾರಿ ಭಾಷೆ. ಮಗುವಿನ ತಲೆ ಗೊಂದಲ ಆಗಿದೆ. ಒಂದೇ ಭಾಷೆ ಮಾಡಿ. ಕನ್ನಡ. ಶುದ್ಧ ಕನ್ನಡ. ಆರು ತಿಂಗಳಲ್ಲಿ ಮಾತಾಡದಿದ್ರೆ ನನ್ನನ್ನು ಕೇಳಿ."

"ನನ್ನ ಐದು ಮಕ್ಕಳು ನಾಲ್ಕು ಭಾಷೆ ಮಾತಾಡ್ತಾರೆ ಮಾಷ್ಟ್ರೇ," ಎಂದಳು ಬಾಗಿಲಲ್ಲಿ ನಿಂತಿದ್ದ ಜುಬೈದಕ್ಕ. "ಬಾಯಿ ಮುಚ್ಚಿಸ್ಲಿಕ್ಕೆ ಯಾವ ಭಾಷೆ ಉಪಯೋಗ ಮಾಡುದು ಅಂತ ನಾನು ಹುಡುಕ್ತಾ ಇದ್ದೇನೆ."

ಎಲ್ಲರೂ ನಕ್ಕರು. ಅದು ವಾದವಾಗಿತ್ತು, ನಾವು ಅದನ್ನು ತಮಾಷೆ ಎಂದುಕೊಂಡೆವು. ಅಜ್ಜಿ ನಗಲಿಲ್ಲ. ನೂಲು ಹಲ್ಲಿನಲ್ಲಿ ಕಡಿದು, ಮಗು ಜೊತೆ ನಾನು ತುಳುವೇ ಮಾತಾಡುವುದು ಎಂದಳು. ಆಗ ಮಾವನಿಗೆ ಅದು ಹೊಳೆಯಿತು. ಅವರ ಕಣ್ಣು ನನ್ನ ಕಡೆ ತಿರುಗಿದ್ದು, ನನ್ನ ಬೆನ್ನು ತಾನಾಗಿ ನೆಟ್ಟಗಾದದ್ದು ಈಗಲೂ ನೆನಪಿದೆ.

"ಆಯ್ತು, ಒತ್ತಾಯ ಬೇಡ. ಚರ್ಚೆ ಮಾಡುವ. ಗೆದ್ದವರ ಮಾತು ನಡೆಯಲಿ. ಈ ಮನೆಯಲ್ಲಿ ಮಗುವಿನೊಂದಿಗೆ ತುಳು ಆಡಬಾರದು. ಪರ, ಅನ್ವಿತಾ. ವಿರೋಧ, ನಮ್ಮಮ್ಮ. ಚರ್ಚೆಯ ಭಾಷೆ ಕನ್ನಡ."

ಮೊದಲು ನಾನು. ಮಾವನ ಬಕೆಟನ್ನು ಎತ್ತಿಕೊಂಡೆ. ಶಾಲೆಯಲ್ಲಿ ತುಳು ಮಾತಾಡುವ ಟೀಚರಿಲ್ಲ ಎಂದೆ. ಕೊನೆಗೆ, ಯಾರೂ ಹೇಳಿಕೊಡದ ಒಂದನ್ನು ನಾನೇ ಹುಡುಕಿದೆ: ಮಗು ದಿನವಿಡೀ ಕೂರುವುದು ಹೊಗೆಸೊಪ್ಪಿನ ಪುಡಿಯ ಪಕ್ಕದಲ್ಲಿ, ಪ್ರೀತಿಯಿದ್ದವರು ಮಗುವನ್ನು ವಿಷದ ಪಕ್ಕ ಕೂರಿಸುತ್ತಾರೆಯೇ? ಅಜ್ಜಿ ಗೆರಸೆಯನ್ನು ತೊಡೆಯಿಂದ ಇಳಿಸಿ ಸೀರೆ ಕೊಡವಿಕೊಂಡಳು. ಅದು ನಿಜವಾದ ಮಾತೇ ಆಗಿತ್ತು, ಹೊಗೆಸೊಪ್ಪು ಮಗುವಿಗೆ ಒಳ್ಳೆಯದಲ್ಲ. ಆದರೆ ಅದಕ್ಕೆ ಪರಿಹಾರ ಗೆರಸೆಯನ್ನು ಅಂಗಳಕ್ಕೆ ಒಯ್ಯುವುದು, ಅಜ್ಜಿಯ ನಾಲಿಗೆಯನ್ನಲ್ಲ. ನನಗದು ಅವತ್ತೇ ಗೊತ್ತಿತ್ತು. ಎದುರಿನವಳಿಗೆ ಅದನ್ನು ಹೇಳುವ ಭಾಷೆಯಿಲ್ಲ ಎಂಬುದೂ ಗೊತ್ತಿತ್ತು.

ಅಜ್ಜಿಯ ಸರದಿ. ಎದ್ದು ನಿಲ್ಲಬೇಕು ಎಂದರು ಮಾವ, ಎದ್ದು ನಿಂತಳು. "ನಾನು," ಎಂದಳು ಕನ್ನಡದಲ್ಲಿ. ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. "ಮಗು," ಎಂದಳು. ಕೈ ಎತ್ತಿ ಧೃತಿಯನ್ನು ತೋರಿಸಿದಳು, ತನ್ನ ಬಾಯಿ ತೋರಿಸಿದಳು, ಮತ್ತೆ ಧೃತಿಯನ್ನು. ಬೇಕಾದ್ದರ ಕಡೆ ಕೈ ಹಿಡಿದು ಎಳೆಯುತ್ತಿದ್ದ ನನ್ನ ತಂಗಿಯ ಹಾಗೆಯೇ ಕಾಣುತ್ತಿದ್ದಳು. ನನಗೆ ನಗು ಬಂತು. ಒಂದು ಪೆಟ್ಟು ಬಿತ್ತು. ಆಗ ಅವಳು ಬೆದರಿ, ಒಂದೇ ಉಸಿರಿನಲ್ಲಿ ತುಳುವಿನಲ್ಲಿ ಹೇಳಿಬಿಟ್ಟಳು:

"ಬಾಲೆ ಎನಡ ಪಾತೆರುಂಡು."

ಮಗು ನನ್ನ ಹತ್ತಿರ ಮಾತಾಡ್ತದೆ. ಅರ್ಥವಾಗದವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಮಾವ ಆ ಭಾಷೆಯಲ್ಲೇ ಹಸಿವೆ ಎಂದು ಅತ್ತು ಬೆಳೆದವರು. ಲೋಟಕ್ಕೆ ಎರಡು ಪೆಟ್ಟು ಕೊಟ್ಟು, "ಭಾಷಾ ನಿಯಮ ಉಲ್ಲಂಘನೆ, ಈ ಮಾತನ್ನು ಪರಿಗಣಿಸುವುದಿಲ್ಲ" ಎಂದರು. ನಾನು ಆದರೂ ಎದ್ದು ಖಂಡಿಸಿದೆ: ಅಜ್ಜಿಯಂದಿರಿಗೆ ಬೆಕ್ಕು ಕೂಗಿದರೂ ಮಾತು ಕೇಳಿಸುತ್ತದೆ, ಸಾಕ್ಷಿ ಎಲ್ಲಿದೆ? ಅಮ್ಮ ತಲೆ ತಗ್ಗಿಸಿ ಅನ್ನದ ಪಾತ್ರೆ ಒಳಗೆ ಒಯ್ದಳು. ಅವಳಿಗೆ ಏಪ್ರಿಲ್ ಕಾಣುತ್ತಿತ್ತು, ಬೇರೇನೂ ಕಾಣುತ್ತಿರಲಿಲ್ಲ. ನಾನು ಗೆದ್ದೆ.

ಹೀಗೆ ನಮ್ಮ ಮನೆಯಲ್ಲಿ ಶುದ್ಧ ಕನ್ನಡ ಬಂತು. "ಧೃತಿ, ನಿನಗೆ ಹಸಿವಾಗುತ್ತಿದೆಯೇ?" "ಧೃತಿ, ಅದು ಕೋಳಿ. ಕೋಳಿಯು ನಡೆಯುತ್ತಿದೆ." ಅಮ್ಮ ಇಡೀ ದಿನ ಗಿರಾಕಿಗಳ ಹತ್ತಿರ ಮಾತಾಡಿ ಬಂದು, ಮಗಳ ಹತ್ತಿರ ಮಾತಾಡಲು ವಾಕ್ಯ ಕಟ್ಟಬೇಕಿತ್ತು. ಕಟ್ಟಲಾಗದ ದಿನ ಸುಮ್ಮನಿರುತ್ತಿದ್ದಳು. ಅಂಥ ದಿನಗಳೇ ಹೆಚ್ಚಾದವು. ಜುಬೈದಕ್ಕನಿಗೆ ಸ್ವಲ್ಪ ದಿನ ಬರುವುದು ಬೇಡ ಎಂದು ಹೇಳಿ ಕಳಿಸಿದೆವು. ಅಜ್ಜಿ ಧೃತಿಯ ಎದುರು ಬಾಯಿ ತೆರೆಯುವಂತಿಲ್ಲ. ಶಾಲೆಯಿಂದ ಬಂದ ಮೇಲೆ ಮತ್ತು ರಜೆಯಿಡೀ ಕಾವಲು ನನ್ನದು, ಲೋಟ ಚಮಚ ನನ್ನ ಕೈಗೆ ಬಂತು. ಅಜ್ಜಿಯ ಬಾಯಿಂದ ಅರ್ಧ ಶಬ್ದ ಜಾರಿದರೂ ಟಣ್ ಟಣ್. ಹಲ್ಲಿನಲ್ಲಿ ನೂಲು ಕಚ್ಚಿಕೊಂಡೇ ಅವಳು ಅಲ್ಲಿಗೆ ನಿಲ್ಲುತ್ತಿದ್ದಳು. ಅಧಿಕಾರದ ರುಚಿ ಬಗ್ಗೆ ಪುಸ್ತಕಗಳಲ್ಲಿ ಏನೇನೋ ಬರೆದಿರುತ್ತದೆ. ನನಗೆ ಗೊತ್ತಿರುವಂತೆ ಅದು ಸ್ಟೀಲಿನ ಸದ್ದು, ಹನ್ನೊಂದು ವರ್ಷದ ಕೈಗೂ ಭಾರವಾಗದ್ದು.

ಮೂರನೇ ವಾರಕ್ಕೆ ಒಂದು ಹೊಸತು ಶುರುವಾಯಿತು. ಲೋಟದ ಸದ್ದಾದ ಕೂಡಲೇ ಧೃತಿ ಎಲ್ಲಿದ್ದರೂ ಓಡಿ ಬಂದು ಅಜ್ಜಿಯ ಬಾಯಿಯ ಮೇಲೆ ತನ್ನ ಅಂಗೈ ಇಟ್ಟು ಒತ್ತಿ ಹಿಡಿಯುತ್ತಿದ್ದಳು. ಸದ್ದು ಪೂರ್ತಿ ಆರುವವರೆಗೆ ತೆಗೆಯುತ್ತಿರಲಿಲ್ಲ. ನಾವು ಬಿದ್ದು ಬಿದ್ದು ನಕ್ಕೆವು.

"ನೋಡಿ, ನಿಯಮ ಇವಳಿಗೂ ಅರ್ಥ ಆಗಿದೆ!" ಎಂದು ಮಾವ ತೊಡೆ ತಟ್ಟಿದರು. "ಬುದ್ಧಿಗೇನೂ ಕಮ್ಮಿ ಇಲ್ಲ."

ಅಪ್ಪನಿಗೆ ವಿಡಿಯೋ ಕಳಿಸಬೇಕೆಂದು ನಾನು ಬೇಕೆಂದೇ ಆರೇಳು ಸಲ ಲೋಟ ಬಡಿದೆ. ಅಪ್ಪ ಅದಕ್ಕೆ ನಗುವ ಮುಖದ ಚಿತ್ರ ಕಳಿಸಿದರು.

ದಸರಾ ರಜೆಯ ಒಂದು ಮಧ್ಯಾಹ್ನ ಮನೆ ಇದ್ದಕ್ಕಿದ್ದಂತೆ ಖಾಲಿ ಅನ್ನಿಸಿತು. ಗೆರಸೆ ಕಿಟಕಿಯ ಬಳಿಯಿದೆ, ಅಜ್ಜಿಯಿಲ್ಲ, ಧೃತಿಯೂ ಇಲ್ಲ. ಹಿತ್ತಿಲಲ್ಲಿ, ಮನೆಯಿಂದ ಬೇರೆಯಾಗಿ, ನಮ್ಮ ಬಚ್ಚಲುಮನೆ. ನೀರು ಕಾಯಿಸುವ ಹಂಡೆ, ಒಂದು ಕಲ್ಲು, ಒಂದು ಗೂಡು ಕಿಟಕಿ. ಬಾಗಿಲು ಒರಗಿಸಿತ್ತು. ಸಂದಿಯಿಂದ ನೋಡಿದೆ. ಅಜ್ಜಿ ಕಲ್ಲಿನ ಮೇಲೆ ಕೂತಿದ್ದಳು, ಧೃತಿ ಅವಳ ಮೊಣಕಾಲುಗಳ ನಡುವೆ. ಅಜ್ಜಿ ಉಸಿರಿನಷ್ಟೇ ದನಿಯಲ್ಲಿ ಏನನ್ನೋ ಹೇಳಿ ಕಾದಳು. ಧೃತಿ ಅಜ್ಜಿಯ ತುಟಿಯನ್ನೇ ನೋಡುತ್ತಿದ್ದಳು.

"ಕೋರಿ," ಎಂದಳು ಧೃತಿ. ಕೋಳಿ.

ದನಿ ಒರಟಾಗಿತ್ತು, ಬಳಸದ ಬಾಗಿಲಿನ ಹಾಗೆ. ಅಜ್ಜಿ ಬೆರಳಿಗೆ ಸುತ್ತಿದ್ದ ದಾರವನ್ನು ಎತ್ತಿ ತೋರಿಸಿದಳು. "ನೂಲ್," ಎಂದಳು ಧೃತಿ. ಅಜ್ಜಿ ಅವಳ ಮುಖ ತೊಳೆಯಲೆಂದು ಚೊಂಬಿಗೆ ಕೈ ಹಾಕಿದಾಗ ಧೃತಿ ತಲೆ ಹಿಂದಕ್ಕೆ ಎಳೆದು, ಸ್ಪಷ್ಟವಾಗಿ, ಸಿಟ್ಟಿನಿಂದ, "ಬೊಡ್ಚಿ!" ಎಂದಳು. ಬೇಡ. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಮೂರು ಶಬ್ದ. ನಮ್ಮ ಇಡೀ ಮನೆ ಮೂರೂವರೆ ವರ್ಷದಿಂದ ಕಾಯುತ್ತಿದ್ದುದು, ಹರಕೆ ಹೊತ್ತದ್ದು, ಅಮ್ಮ ಬಸ್ಸಿನ ಕಿಟಕಿಗೆ ಮುಖ ತಿರುಗಿಸಿ ಅತ್ತದ್ದು, ಎಲ್ಲ ಇದಕ್ಕೇ.

ನಾನು ಓಡಿ ಹೋಗಿ ತಬ್ಬಿಕೊಂಡೆ ಎಂದು ಬರೆಯುವುದು ಸುಲಭ. ನಡೆದದ್ದು ಬೇರೆ. ನನ್ನ ತಲೆಯಲ್ಲಿ ಮೊದಲು ಬಂದದ್ದು ಇದು: ಸಾಕ್ಷಿ ಸಿಕ್ಕಿತು, ಅಜ್ಜಿಯ ಪಕ್ಷಕ್ಕೆ. ಇದನ್ನು ಹೊರಗೆ ಹೇಳಿದರೆ ಸೆಪ್ಟೆಂಬರಿನ ಚರ್ಚೆಯಲ್ಲಿ ನಾನು ಸೋತಂತೆ. ಒಂದು ಹೆಜ್ಜೆ ಹಿಂದೆ ಸರಿದು, ಅಡುಗೆಮನೆಯಿಂದ ಲೋಟ ತಂದು, ಬಚ್ಚಲಿನ ಬಾಗಿಲಲ್ಲಿ ನಿಂತು ಎರಡು ಪೆಟ್ಟು ಕೊಟ್ಟೆ. ಹಂಡೆಯ ಕೋಣೆಯಲ್ಲಿ ಅದು ನಾಲ್ಕಾಗಿ ಕೇಳಿಸಿತು. ಧೃತಿಯ ಅಂಗೈ ಅಜ್ಜಿಯ ಬಾಯಿಗೆ ಹೋಯಿತು. ಅದರ ಮೇಲಿನಿಂದ ಅಜ್ಜಿಯ ಕಣ್ಣು ನನ್ನನ್ನು ನೋಡಿತು.

ಸಂಜೆ ಅಮ್ಮನಿಗೆ, ಶನಿವಾರ ಮಾವನಿಗೆ, ಎಲ್ಲ ಹೇಳಿದೆ. ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಕದ್ದು ತುಳು ಮಾತಾಡುತ್ತಾರೆ ಎಂದೆ. ಎಷ್ಟು ಹೊತ್ತು, ಯಾವ ಕಲ್ಲಿನ ಮೇಲೆ, ಯಾವ ದನಿಯಲ್ಲಿ, ಒಂದನ್ನೂ ಬಿಡಲಿಲ್ಲ. ಧೃತಿ ಮಾತಾಡಿದಳು ಎಂಬುದೊಂದನ್ನು ಬಿಟ್ಟು. ಸುಳ್ಳು ಹೇಳಲಿಲ್ಲ ಎಂದು ಎಷ್ಟೋ ವರ್ಷ ನನ್ನನ್ನು ನಾನೇ ಸಮರ್ಥಿಸಿಕೊಂಡಿದ್ದೇನೆ. ಚರ್ಚಾಪಟುಗಳು ಸುಳ್ಳು ಹೇಳುವುದಿಲ್ಲ. ಆರಿಸಿಕೊಳ್ಳುತ್ತಾರೆ.

"ಅಮ್ಮ, ನೀವು ಸ್ವಲ್ಪ ದಿನ ಅಳದಂಗಡಿಗೆ ಹೋಗಿ," ಎಂದರು ಮಾವ. ಅಲ್ಲಿ ನನ್ನ ಚಿಕ್ಕಮ್ಮನ ಮನೆ. "ಮಗುವಿನ ಅಡ್ಮಿಷನ್ ಆಗುವವರೆಗೆ."

ಅಜ್ಜಿ ತನ್ನ ಸ್ವಂತ ಮನೆಯಿಂದ, ಗೆರಸೆಯನ್ನು ಸೀರೆಯ ಚೂರಿನಲ್ಲಿ ಕಟ್ಟಿಕೊಂಡು ಹೊರಟಳು. ಧೃತಿ ಅವಳ ಸೆರಗು ಹಿಡಿದು ಗೇಟಿನವರೆಗೂ ಮನೆಯ ಕಡೆಗೆ ಎಳೆಯುತ್ತಲೇ ಇದ್ದಳು. ಬೇಕಾದ್ದರ ಕಡೆ ಅವಳು ನಮ್ಮನ್ನು ಎಳೆದದ್ದು ಅದೇ ಕೊನೆ. ಆಮೇಲೆ ಅವಳು ಯಾರ ಕೈಯನ್ನೂ ಎಳೆಯಲಿಲ್ಲ, ಮೂಗಿನ ಗುಂಯ್‌ಗುಡುವಿಕೆಯೂ ನಿಂತಿತು. ಕಿಟಕಿಯ ಬಳಿ, ಗೆರಸೆ ಇರುತ್ತಿದ್ದ ಜಾಗದಲ್ಲಿ ಕೂತು ನೆಲದ ಸಂದಿಯಿಂದ ಹೊಗೆಸೊಪ್ಪಿನ ಕಣಗಳನ್ನು ಬೆರಳ ತುದಿಯಿಂದ ಹೆಕ್ಕುತ್ತಿದ್ದಳು.

"ಎಷ್ಟು ಶಾಂತ ಆಗಿದ್ದಾಳೆ," ಎಂದರು ಮಾವ.

ಏಪ್ರಿಲ್‌ನಲ್ಲಿ ಸಂದರ್ಶನ ಮಾಡಿದ ಟೀಚರು ಹೆಸರು ಕೇಳಿ, ಮತ್ತೆ ಕೇಳಿ, ಕೊನೆಗೆ ಅಮ್ಮನನ್ನು ಬದಿಗೆ ಕರೆದು ಒಂದು ಚೀಟಿಯಲ್ಲಿ ಮಂಗಳೂರಿನ ಸ್ಪೀಚ್ ಥೆರಪಿಸ್ಟ್ ವಿಳಾಸ ಬರೆದುಕೊಟ್ಟರು. ಮಾವನೂ ಬಂದರು, ನಾನೂ ಹೋದೆ. ಥೆರಪಿಸ್ಟ್ ಮೂವತ್ತರ ಆಸುಪಾಸಿನ ಹೆಂಗಸು. ನಮ್ಮನ್ನು ಕುರ್ಚಿಯಲ್ಲಿ ಕೂರಿಸಿ ತಾನು ಚಾಪೆಯ ಮೇಲೆ ಧೃತಿಯ ಎದುರು ಕೂತಳು. ಒಂದು ಪ್ಲಾಸ್ಟಿಕ್ ಕೋಳಿ ಎತ್ತಿ ಹಿಡಿದು, ಅವಳ ಮುಖ ನೋಡುತ್ತ ಕಾದಳು. ನಮ್ಮ ಮನೆಯಲ್ಲಿ ಯಾರೂ ಅಷ್ಟು ಹೊತ್ತು ಕಾದಿರಲಿಲ್ಲ. ಒಬ್ಬಳು ಕಾದಿದ್ದಳು, ಅವಳನ್ನು ಕಳಿಸಿಬಿಟ್ಟಿದ್ದೆವು.

"ಮನೆಯಲ್ಲಿ ಯಾವ ಭಾಷೆ?"

"ಕನ್ನಡ ಮಾತ್ರ," ಎಂದರು ಮಾವ ಹೆಮ್ಮೆಯಿಂದ. "ಗೊಂದಲ ಬೇಡ ಅಂತ ತುಳು ನಿಲ್ಲಿಸಿದ್ದೇವೆ."

"ಎಷ್ಟು ಶಬ್ದ ಹೇಳ್ತಾಳೆ?"

"ಒಂದೂ ಇಲ್ಲ," ಎಂದಳು ಅಮ್ಮ.

ನನ್ನ ಬಾಯಿ ತಾನಾಗಿ ತೆರೆಯಿತು. "ಮೂರು."

ಅಮ್ಮ ತಿರುಗಿದಳು. ನಾನು ಪ್ಲಾಸ್ಟಿಕ್ ಕೋಳಿಯನ್ನು ನೋಡುತ್ತ ಎಲ್ಲ ಹೇಳಿದೆ: ಬಚ್ಚಲು, ಕೋರಿ, ನೂಲ್, ಬೊಡ್ಚಿ. ಥೆರಪಿಸ್ಟ್ ಬರೆದುಕೊಂಡಳು. ಆಮೇಲೆ ಪೆನ್ನು ಕೆಳಗಿಟ್ಟಳು.

"ಸರ್, ಇವಳಿಗೆ ಮಾತಿನ ತೊಂದರೆ ಉಂಟು, ಅದು ನಿಜ. ಒಂದೇ ಭಾಷೆ ಇದ್ರೂ ಇರ್ತಿತ್ತು, ನಾಲ್ಕಿದ್ರೂ ಇರ್ತಿತ್ತು. ಭಾಷೆಯಿಂದ ಬಂದದ್ದಲ್ಲ. ಆದ್ರೆ ಇವಳ ಹತ್ತಿರ ದಿನವಿಡೀ ಮಾತಾಡುವ ಒಂದು ಜನ ಇತ್ತು. ಅದನ್ನು ನೀವು ತೆಗ್ದಿದ್ದೀರಿ. ಅಜ್ಜಿಯನ್ನು ಕರ್ಕೊಂಡು ಬನ್ನಿ. ಅವರಿಂದ ಶುರು ಮಾಡುವ."

ಮಾವ ಗಂಟಲು ಸರಿಮಾಡಿಕೊಂಡರು. ಖಂಡಿಸುತ್ತಾರೆ ಎಂದು ಕಾದೆ. ಅವರು ಗೋಡೆಯ ಮೇಲಿನ ಅಕ್ಷರಮಾಲೆಯನ್ನು ಓದುತ್ತಿದ್ದರು. ಬಸ್ಸಿನಲ್ಲಿ ಅಮ್ಮ ಧೃತಿಯನ್ನು ಎತ್ತಿಕೊಂಡು ಬೇರೆ ಸೀಟಿನಲ್ಲಿ ಕೂತಳು. ಬಿ.ಸಿ.ರೋಡಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ನಿಂತಾಗ, ನನ್ನ ಕಡೆ ನೋಡದೆ ಹೇಳಿದಳು:

"ನೀನು ಗೆದ್ದದ್ದಲ್ವಾ. ಖುಷಿ ಪಡು."

ಅಜ್ಜಿ ಮರುದಿನವೇ ಬಂದಳು. ಅಮ್ಮ ಅವಳ ಕಾಲ ಬಳಿ ಕೂತು, ಇವಳು ಎಲ್ಲ ಕೇಳಿಸಿಕೊಂಡು ಮುಚ್ಚಿಟ್ಟಿದ್ದಳಮ್ಮ ಎಂದು ಅತ್ತಳು. ಅಜ್ಜಿ ಗೆರಸೆಯ ಕಟ್ಟು ಬಿಚ್ಚುತ್ತಿದ್ದಳು. "ನನಗೆ ಗೊತ್ತುಂಟು. ಸಂದಿಯಲ್ಲಿ ಇವಳ ಲಂಗ ಕಂಡಿತ್ತು. ಇವಳು ಕೇಳಲಿ ಅಂತಲೇ ಮತ್ತೆ ಎರಡು ಶಬ್ದ ಹೇಳಿಸಿದ್ದು."

ನೀನಾದರೂ ಆಗಲೇ ಯಾಕೆ ಹೇಳಲಿಲ್ಲ ಎಂದು ಅಜ್ಜಿಯನ್ನು ಕೇಳಿದೆ. ಕೇಳಬಾರದಿತ್ತು.

"ಹೇಳಿದ್ದೆನಲ್ಲ," ಎಂದಳು. "ನಿಂತುಕೊಂಡು ಹೇಳಿದ್ದೆ. ನಿಮಗೆಲ್ಲ ಆಗ ತುಳು ಮರೆತುಹೋಗಿತ್ತು."

ಗೆರಸೆ ಅಂಗಳಕ್ಕೆ ಹೋಯಿತು, ಮಾತು ಚಾವಡಿಗೆ ಬಂತು. ಆದರೆ ಧೃತಿ ಕಳೆದುಕೊಂಡಿದ್ದ ಮೂರು ಶಬ್ದಗಳನ್ನು ಮತ್ತೆ ಹೇಳಲು ಮಳೆಗಾಲ ಮುಗಿಯಬೇಕಾಯಿತು. ಈಗ ಅವಳು ಮಾತಾಡುತ್ತಾಳೆ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ಶಬ್ದಕ್ಕಾಗಿ ಹುಡುಕುತ್ತ, ತುಳುವಿನಲ್ಲಿ ಹೆಚ್ಚು, ಕನ್ನಡದಲ್ಲಿ ಅಷ್ಟಿಷ್ಟು. ನಾನು ಕೋಣೆಗೆ ಬಂದರೆ ಮಾತ್ರ ಬಾಯಿ ತೆರೆಯುವ ಮುಂಚೆ ಒಮ್ಮೆ ನನ್ನ ಕೈ ನೋಡುತ್ತಾಳೆ.

ಡಿಗ್ರಿಯ ಎರಡನೇ ವರ್ಷದಲ್ಲಿ ನನ್ನ ಅಂತರಕಾಲೇಜು ಚರ್ಚೆಯ ಫೈನಲ್ ಮೂಡುಬಿದಿರೆಯಲ್ಲಿ ನಡೆಯಿತು. ವಿಷಯ ಹೆದ್ದಾರಿ ಅಗಲೀಕರಣ, ನಾನು ವಿರೋಧದ ಪಕ್ಷ. ನಾನೇ ಹಟ ಮಾಡಿ ಅಜ್ಜಿಯನ್ನೂ ಧೃತಿಯನ್ನೂ ಕರೆಸಿದ್ದೆ; ನಾನು ಚೆನ್ನಾಗಿ ಮಾಡುವ ಒಂದನ್ನು ಅವರೊಮ್ಮೆ ನೋಡಲಿ ಎಂಬ ಆಸೆ. ಮೂರನೇ ಸಾಲಿನಲ್ಲಿ ಕೂತಿದ್ದರು. ಧೃತಿಗೆ ಆಗ ಹನ್ನೆರಡು. ಅಜ್ಜಿ ಅವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಳು, ಬಹುಶಃ ನಾನು ಹೇಳುತ್ತಿದ್ದುದನ್ನು ತುಳುವಿನಲ್ಲಿ. ನಾನು ಒಳ್ಳೆಯ ಲಹರಿಯಲ್ಲಿದ್ದೆ, ಸಭೆ ನನ್ನ ಕೈಯಲ್ಲಿತ್ತು. ಇನ್ನೊಂದು ನಿಮಿಷವಿದೆ ಎಂದು ಸಮಯಪಾಲಕರು ಮೇಜಿನ ಮೇಲಿನ ಗಂಟೆ ಒತ್ತಿದರು.

ಮೂರನೇ ಸಾಲಿನಲ್ಲಿ ಧೃತಿಯ ಕೈ ಎದ್ದಿತು. ಹನ್ನೆರಡು ವರ್ಷದ ಅಂಗೈ, ಅಜ್ಜಿಯ ಬಾಯಿಯನ್ನು ಪೂರ್ತಿ ಮುಚ್ಚುವಷ್ಟು ದೊಡ್ಡದಾಗಿತ್ತು. ಅಜ್ಜಿ ಬಿಡಿಸಿಕೊಳ್ಳಲಿಲ್ಲ. ಆ ಬೆರಳುಗಳ ಮೇಲಿನಿಂದ ವೇದಿಕೆಯ ಮೇಲಿದ್ದ ನನ್ನನ್ನು ನೋಡುತ್ತ ಕೂತಳು.

ನನ್ನ ಬಳಿ ಇನ್ನೂ ಒಂದು ನಿಮಿಷವಿತ್ತು. ಅದರ ಒಂದು ಕ್ಷಣವನ್ನೂ ವ್ಯರ್ಥ ಮಾಡಲಿಲ್ಲ. ಮೊದಲ ಬಹುಮಾನದ ಕಪ್ ನನಗೇ ಬಂತು.